ಬೆಲೆ ಬಿದ್ದಷ್ಟೂ ಬೆಳೆಯುವ ಉದ್ಯಮ

ಎರಡು ಗೆರೆಗಳು ಬಹಳ ಕಾಲದಿಂದ ನನ್ನ ತಲೆಯೊಳಗೆ ಕೂತಿವೆ. ಮೊದಲನೆಯದು ಜಗತ್ತಿನ ಒಟ್ಟು ಸೌರವಿದ್ಯುತ್ ಸಾಮರ್ಥ್ಯದ ಗೆರೆ. 2008ರ ಕೊನೆಗೆ ಭೂಮಿಯ ಮೇಲಿದ್ದ ಸೋಲಾರ್ ಪ್ಯಾನೆಲ್‌ಗಳನ್ನೆಲ್ಲ ಕೂಡಿಸಿದರೂ 15 ಗಿಗಾವ್ಯಾಟ್ ಆಸುಪಾಸು. 2022ರಲ್ಲಿ ಅದು 1,000 ಗಿಗಾವ್ಯಾಟ್ ದಾಟಿತು. 2024 ಮುಗಿಯುವ ಹೊತ್ತಿಗೆ 1,800ನ್ನೂ ದಾಟಿತ್ತು. ಹದಿನಾರು ವರ್ಷದಲ್ಲಿ ನೂರು ಪಟ್ಟಿಗೂ ಹೆಚ್ಚು. ಎರಡನೆಯದು ಅಮೆರಿಕದ ಫಸ್ಟ್ ಸೋಲಾರ್ ಕಂಪನಿಯ ಷೇರಿನ ಗೆರೆ. 2006ರ ನವೆಂಬರಿನಲ್ಲಿ 20 ಡಾಲರಿಗೆ ಪೇಟೆಗೆ ಬಂದ ಆ ಷೇರು 2008ರಲ್ಲಿ 300 ಡಾಲರ್ ದಾಟಿತು. 2012ರಲ್ಲಿ 12 ಡಾಲರಿಗಿಂತ ಕೆಳಗೆ ಬಿತ್ತು. ಮತ್ತೆ 300ರ ಮುಖ ನೋಡಿದ್ದು 2024ರಲ್ಲಿ.

ಅಂದರೆ 2008ರ ಆ ಎತ್ತರದಲ್ಲಿ ಷೇರು ಕೊಂಡವರು ಸೌರಶಕ್ತಿಯ ಬಗ್ಗೆ ನಂಬಿದ್ದೆಲ್ಲ ನಿಜವಾಯಿತು. ಅವರು ನಂಬಿದ್ದಕ್ಕಿಂತ ಎಷ್ಟೋ ಹೆಚ್ಚೇ ನಿಜವಾಯಿತು. ಆದರೂ ಅವರ ಹಣ ಹದಿನಾರು ವರ್ಷದ ನಂತರ ಹೊರಟ ಜಾಗಕ್ಕೇ ಬಂದು ನಿಂತಿತು. ಇದು ಯಾವುದೋ ಕೆಟ್ಟ ಕಂಪನಿಯ ಕತೆಯಾಗಿದ್ದರೆ ನನ್ನನ್ನು ಇಷ್ಟು ಕಾಡುತ್ತಿರಲಿಲ್ಲ. ಫಸ್ಟ್ ಸೋಲಾರ್ ಆ ಕಾಲದ ಸೋಲಾರ್ ಕಂಪನಿಗಳಲ್ಲಿ ಚೆನ್ನಾಗಿ ನಡೆದವುಗಳಲ್ಲಿ ಒಂದು. ಸಾಲವನ್ನು ಹತೋಟಿಯಲ್ಲಿಟ್ಟುಕೊಂಡು, ಕೈಯಲ್ಲಿ ನಗದು ಉಳಿಸಿಕೊಂಡು, ತನ್ನ ಹಳೆಯ ಮಾದರಿಯ ಪ್ಯಾನೆಲ್ಲನ್ನು ತಾನೇ ಕೈಬಿಟ್ಟು ಹೊಸದಕ್ಕೆ ಕಾರ್ಖಾನೆಗಳನ್ನು ಬದಲಿಸಿಕೊಂಡು ಬದುಕಿದ ಕಂಪನಿ. ಅದರ ಓರಗೆಯವರಲ್ಲಿ ಬಹುಪಾಲು ಜನ ಉಳಿಯಲೇ ಇಲ್ಲ. ಜರ್ಮನಿಯ ಕ್ಯೂ-ಸೆಲ್ಸ್ 2008ರಲ್ಲಿ ಜಗತ್ತಿನಲ್ಲೇ ಅತಿ ಹೆಚ್ಚು ಸೌರಕೋಶ ತಯಾರಿಸುವ ಕಂಪನಿಯಾಗಿತ್ತು. 2012ರ ಏಪ್ರಿಲ್‌ನಲ್ಲಿ ದಿವಾಳಿ ಅರ್ಜಿ ಹಾಕಿತು. ಚೀನಾದ ಸನ್‌ಟೆಕ್ ಆಮೇಲೆ ಪ್ಯಾನೆಲ್ ತಯಾರಿಕೆಯಲ್ಲಿ ಮೊದಲ ಸ್ಥಾನಕ್ಕೆ ಬಂತು. 2013ರ ಮಾರ್ಚ್‌ನಲ್ಲಿ 541 ಮಿಲಿಯನ್ ಡಾಲರಿನ ಬಾಂಡ್ ತೀರಿಸಲಾಗದೆ ಕೈಚೆಲ್ಲಿತು.

ಬೆಳೆಯುತ್ತಿರುವ ಸೋಲಾರ್ ಕಂಪನಿಯೊಂದರ ಷೇರು ಕೊಳ್ಳಬೇಕೆಂದು ಯಾರಾದರೂ ಹೇಳಿದಾಗ ನನಗೆ ಮೊದಲು ನೆನಪಾಗುವುದು ಇವೇ. ಕೊಳ್ಳಬೇಡಿ ಎಂದು ಹೇಳುವುದಕ್ಕಲ್ಲ. ನಾನೂ ಈ ಉದ್ಯಮದಲ್ಲಿ ಹಣ ಇಟ್ಟವನೇ, ಈಗಲೂ ಇಟ್ಟಿರುವವನೇ. ಆದರೆ ಸೌರಶಕ್ತಿ ಗೆಲ್ಲುವುದು ಬೇರೆ, ಸೌರಶಕ್ತಿಯ ಷೇರುದಾರ ಗೆಲ್ಲುವುದು ಬೇರೆ ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಅಷ್ಟೇ ಅಲ್ಲ, ಮೊದಲನೆಯದನ್ನು ಆಗಿಸುವ ಕಾರಣವೇ ಎಷ್ಟೋ ಸಲ ಎರಡನೆಯದನ್ನು ಆಗಗೊಡುವುದಿಲ್ಲ.

ಗೆಲುವಿನ ಖರ್ಚು ಕೊಟ್ಟವರು

ಸೋಲಾರ್ ಗೆದ್ದದ್ದು ಯಾಕೆ? ಅಗ್ಗವಾದದ್ದಕ್ಕೆ. 1954ರಲ್ಲಿ ಬೆಲ್ ಲ್ಯಾಬ್ಸ್‌ನ ಚಾಪಿನ್, ಫುಲ್ಲರ್, ಪಿಯರ್ಸನ್ ಎಂಬ ಮೂವರು ಸಿಲಿಕಾನ್ ಸೌರಕೋಶವನ್ನು ಜನರ ಮುಂದಿಟ್ಟಾಗ ಅದು ಬಿಸಿಲಿನ ಶೇ 6ರಷ್ಟನ್ನು ವಿದ್ಯುತ್ತಾಗಿಸುತ್ತಿತ್ತು. ಉಪಗ್ರಹಕ್ಕೆ ಹಾಕುವಷ್ಟು ದುಬಾರಿ ವಸ್ತು ಅದು. 1958ರಲ್ಲಿ ಹಾರಿದ ವ್ಯಾನ್‌ಗಾರ್ಡ್ 1ಕ್ಕೆ ಹಾಕಿದರು ಕೂಡ. 1970ರ ದಶಕದ ನಡುವಿನಲ್ಲಿ ಒಂದು ವ್ಯಾಟ್ ಪ್ಯಾನೆಲ್‌ಗೆ ಇವತ್ತಿನ ಹಣದ ಲೆಕ್ಕದಲ್ಲಿ ನೂರು ಡಾಲರ್ ಸುತ್ತಮುತ್ತ. 2024ರಲ್ಲಿ ಚೀನಾದ ಕಾರ್ಖಾನೆಯಿಂದ ಹೊರಬರುವ ಪ್ಯಾನೆಲ್‌ಗೆ ವ್ಯಾಟಿಗೆ ಹತ್ತು ಸೆಂಟ್ ಆಸುಪಾಸು. ಸನ್‌ಪವರ್ ಕಂಪನಿ ಕಟ್ಟಿದ ರಿಚರ್ಡ್ ಸ್ವಾನ್ಸನ್ ಹೆಸರಿನಲ್ಲಿ ಒಂದು ಲೆಕ್ಕಾಚಾರ ಪ್ರಚಾರದಲ್ಲಿದೆ: ಒಟ್ಟು ತಯಾರಾದ ಪ್ಯಾನೆಲ್‌ಗಳ ಪ್ರಮಾಣ ಎರಡು ಪಟ್ಟಾದಾಗಲೆಲ್ಲ ಬೆಲೆ ಸುಮಾರು ಶೇ 20 ಇಳಿಯುತ್ತದೆ. ದಶಕಗಳ ಕಾಲ ಹೆಚ್ಚುಕಡಿಮೆ ಹಾಗೇ ನಡೆದಿದೆ.

ಇದನ್ನು ಗ್ರಾಹಕನ ಕಣ್ಣಿಂದ ನೋಡಿದರೆ ಮನುಷ್ಯ ಮಾಡಿದ ಒಳ್ಳೆಯ ಕೆಲಸಗಳ ಪಟ್ಟಿಯಲ್ಲಿ ಮೇಲಿನ ಸಾಲಿಗೆ ಸೇರಬೇಕಾದದ್ದು. ನನಗೆ ಈ ಉದ್ಯಮದ ಮೇಲೆ ಪ್ರೀತಿ ಹುಟ್ಟಿದ್ದೂ ಅದರಿಂದಲೇ. ಅದನ್ನೇ ಕಾರ್ಖಾನೆಯ ಒಡೆಯನ ಕಣ್ಣಿಂದ ನೋಡಿ. ಇವತ್ತು ನಾನು ಮಾರುವ ವಸ್ತುವಿನ ಬೆಲೆ ಮುಂದಿನ ವರ್ಷ ಕಡಿಮೆಯಾಗುತ್ತದೆ, ಅದರ ಮುಂದಿನ ವರ್ಷ ಇನ್ನೂ ಕಡಿಮೆ. ನನ್ನ ಖರ್ಚು ಅದಕ್ಕಿಂತ ಬೇಗ ಇಳಿಯಬೇಕು. ಇಳಿಸಲು ಹೊಸ ಯಂತ್ರ ಬೇಕು. ಹೊಸ ಯಂತ್ರಕ್ಕೆ ಸಾಲ ಬೇಕು. ಆ ಯಂತ್ರವನ್ನು ನನಗೆ ಮಾರಿದವರು ನಾಳೆ ನನ್ನ ಎದುರಾಳಿಗೆ ಅದಕ್ಕಿಂತ ಒಳ್ಳೆಯದನ್ನು ಮಾರುತ್ತಾರೆ. ಕೆಲವೇ ವರ್ಷಗಳ ಹಿಂದೆ ಪರ್ಕ್ ತಂತ್ರಜ್ಞಾನದ ಕೋಶಗಳೇ ಎಲ್ಲೆಲ್ಲೂ ಇದ್ದವು. 2024ರ ಹೊತ್ತಿಗೆ ಟಾಪ್‌ಕಾನ್ ಎಂಬ ಹೊಸ ತಂತ್ರಜ್ಞಾನ ಬಂದು ಆ ಜಾಗವನ್ನು ಹಿಡಿಯಿತು. ಹಳೆಯ ಯಂತ್ರಗಳ ಮೇಲಿನ ಸಾಲ ಮಾತ್ರ ತೀರಿರುವುದಿಲ್ಲ. ವಾರ್ಷಿಕ ವರದಿಯಲ್ಲಿ ಯಂತ್ರಗಳ ಸವಕಳಿಯನ್ನು ಎಷ್ಟು ವರ್ಷಕ್ಕೆ ಹಂಚಿದ್ದಾರೆ ಎಂಬ ಟಿಪ್ಪಣಿಯನ್ನು ನಾನು ಬಿಡದೆ ಓದುವುದು ಇದಕ್ಕೇ. ಐದು ವರ್ಷ ಬಾಳದ ಯಂತ್ರಕ್ಕೆ ಹತ್ತು ವರ್ಷದ ಆಯುಷ್ಯ ಬರೆದರೆ ಆ ವರ್ಷದ ಲಾಭ ಚೆನ್ನಾಗಿ ಕಾಣುತ್ತದೆ. ಆಮೇಲೊಂದು ವರ್ಷ ಎಲ್ಲ ಒಟ್ಟಿಗೆ ಬರುತ್ತದೆ.

ಸೌರಕೋಶದ ಕಚ್ಚಾವಸ್ತುವಾದ ಶುದ್ಧ ಸಿಲಿಕಾನ್, ಅಂದರೆ ಪಾಲಿಸಿಲಿಕಾನಿನ ಕತೆಯಲ್ಲಿ ಇದು ಇನ್ನೂ ಬಿಚ್ಚಿಟ್ಟ ಹಾಗಿದೆ. ಜರ್ಮನಿ, ಸ್ಪೇನ್ ಸರ್ಕಾರಗಳು ಸೌರವಿದ್ಯುತ್ತಿಗೆ ಒಳ್ಳೆಯ ದರ ಕೊಡತೊಡಗಿದಾಗ ಪ್ಯಾನೆಲ್‌ಗೆ ಬೇಡಿಕೆ ಏರಿತು. ಶುದ್ಧ ಸಿಲಿಕಾನ್ ಸಾಲದೆ ಬಂತು. 2008ರಲ್ಲಿ ಕಿಲೋ ಒಂದಕ್ಕೆ 400 ಡಾಲರ್ ದಾಟಿತು. ಆಗ ಎಲ್ಲರ ಲೆಕ್ಕವೂ ಒಂದೇ: ಕಚ್ಚಾವಸ್ತು ಸಿಕ್ಕವನೇ ಗೆದ್ದ. ಸನ್‌ಟೆಕ್ ಹೀಗೆ ಅಮೆರಿಕದ ಎಂಇಎಂಸಿ ಕಂಪನಿಯ ಜೊತೆ 2006ರಲ್ಲೇ ವೇಫರ್‌ಗಳನ್ನು, ಅಂದರೆ ಸೌರಕೋಶಕ್ಕೆ ಬೇಕಾದ ತೆಳು ಸಿಲಿಕಾನ್ ಬಿಲ್ಲೆಗಳನ್ನು, ಕೊಳ್ಳಲು ಹತ್ತು ವರ್ಷದ ಒಪ್ಪಂದ ಮಾಡಿಕೊಂಡಿತ್ತು. ಅಷ್ಟರಲ್ಲಿ ಹೊಸ ಸಿಲಿಕಾನ್ ಕಾರ್ಖಾನೆಗಳು ಎದ್ದವು, ಹಣಕಾಸು ಬಿಕ್ಕಟ್ಟು ಬಂತು, ಸ್ಪೇನ್ ತನ್ನ ದರಕ್ಕೂ ಪ್ರಮಾಣಕ್ಕೂ ಕತ್ತರಿ ಹಾಕಿತು. 2012ರ ಕೊನೆಗೆ ಸಿಲಿಕಾನ್ ಕಿಲೋಗೆ 20 ಡಾಲರಿಗಿಂತ ಕೆಳಗಿತ್ತು. ಸನ್‌ಟೆಕ್ ಅದಕ್ಕೂ ಮುಂಚೆಯೇ, 2011ರಲ್ಲಿ, ಹಣ ತೆತ್ತು ಆ ಒಪ್ಪಂದದಿಂದ ಬಿಡಿಸಿಕೊಂಡಿತ್ತು.

ಫಸ್ಟ್ ಸೋಲಾರ್‌ನ ಷೇರು 300ರಿಂದ 12ಕ್ಕೆ ಬಿದ್ದದ್ದರಲ್ಲೂ ಇದರ ಪಾಲು ದೊಡ್ಡದು. ಅದರ ಪ್ಯಾನೆಲ್‌ಗೆ ಸಿಲಿಕಾನ್ ಬೇಡ, ಕ್ಯಾಡ್ಮಿಯಮ್ ಟೆಲ್ಯುರೈಡ್‌ನ ತೆಳುಪದರ ಸಾಕು. ಸಿಲಿಕಾನ್ ದುಬಾರಿಯಿದ್ದಷ್ಟು ದಿನ ಅದರ ಪ್ಯಾನೆಲ್ ಎಲ್ಲರಿಗಿಂತ ಅಗ್ಗ. ಸಿಲಿಕಾನ್ ಅಗ್ಗವಾದ ದಿನ ಆ ಹೆಚ್ಚುಗಾರಿಕೆ ಕರಗಿತು. ಕಂಪನಿಯೊಳಗೆ ಯಾರೂ ತಪ್ಪು ಮಾಡಬೇಕಾಗಿರಲಿಲ್ಲ. ತಾನು ತಯಾರಿಸದ, ತಾನು ಕೊಳ್ಳದ ಒಂದು ವಸ್ತುವಿನ ಬೆಲೆ ಅದರ ಷೇರುದಾರರ ಹಣೆಬರಹ ಬರೆಯಿತು. ಹೂಡಿಕೆ ಮಾಡುವವನು ಕಂಪನಿಯ ವರದಿಯ ಜೊತೆಗೆ ಅದರ ಎದುರಾಳಿಗಳ ಕಚ್ಚಾವಸ್ತುವಿನ ಬೆಲೆಯನ್ನೂ ಗಮನಿಸಬೇಕು ಎಂದು ಈ ಒಂದು ಪ್ರಕರಣ ನನಗೆ ಕಲಿಸಿದಷ್ಟು ಬೇರೆ ಯಾವುದೂ ಕಲಿಸಲಿಲ್ಲ.

ಇದು ಹಳೆಯ ಮಾತು, ಈಗ ಉದ್ಯಮ ಮಾಗಿದೆ ಎನ್ನುವವರಿದ್ದಾರೆ. 2024ನ್ನೇ ನೋಡೋಣ. ಜಗತ್ತು ಆವರೆಗೆ ಯಾವ ವರ್ಷವೂ ಹಾಕದಷ್ಟು ಪ್ಯಾನೆಲ್ ಹಾಕಿದ ವರ್ಷ ಅದು. ಅದೇ ವರ್ಷ ಚೀನಾದ ದೈತ್ಯ ತಯಾರಕ ಲೋಂಗಿ 8 ಬಿಲಿಯನ್ ಯುವಾನಿಗೂ ಹೆಚ್ಚು ನಷ್ಟ ತೋರಿಸಿತು. ಬೇಡಿಕೆ ಕಡಿಮೆಯಾಗಿ ಆದ ನಷ್ಟ ಅಲ್ಲ ಅದು. ಬೇಡಿಕೆ ಬೆಳೆಯುತ್ತದೆಂದು ಎಲ್ಲರೂ ಒಟ್ಟಿಗೆ ನಂಬಿ, ಎಲ್ಲರೂ ಒಟ್ಟಿಗೆ ಕಾರ್ಖಾನೆ ಕಟ್ಟಿದ್ದರಿಂದ ಆದದ್ದು.

ಪ್ಯಾನೆಲ್‌ಗಳ ಸಾಲಿನ ನಡುವೆ

ಹಾಗಾದರೆ ಪ್ಯಾನೆಲ್ ಮಾಡುವವನನ್ನು ಬಿಟ್ಟು ಪ್ಯಾನೆಲ್ ಕೊಳ್ಳುವವನ ಷೇರು ಕೊಂಡರಾಯಿತು ಎಂದು ಯಾರಿಗಾದರೂ ಅನಿಸುತ್ತದೆ. ಬೆಲೆ ಇಳಿದರೆ ಅವನಿಗೆ ಲಾಭವೇ ಅಲ್ಲವೇ? ಸೌರಸ್ಥಾವರ ಕಟ್ಟಿ ಇಪ್ಪತ್ತು, ಇಪ್ಪತ್ತೈದು ವರ್ಷ ಕರೆಂಟು ಮಾರುವ ಕಂಪನಿಗಳ ಬಗ್ಗೆ ನಾನು ಬಹಳ ಕಾಲ ಹೀಗೇ ಯೋಚಿಸುತ್ತಿದ್ದೆ. ಇಂಥದೊಂದು ಸ್ಥಾವರದ ನಿರ್ವಹಣೆ ನೋಡಿಕೊಳ್ಳುವ ಗೆಳೆಯನೊಬ್ಬ ಒಮ್ಮೆ ಒಳಗೆಲ್ಲ ಸುತ್ತಾಡಿಸಿದ. ಆಮೇಲೆ ನಾನು ವರದಿಗಳನ್ನು ಓದುವ ರೀತಿಯೇ ಬದಲಾಯಿತು.

ನಡುಮಧ್ಯಾಹ್ನ. ಕಣ್ಣು ಹಾಯುವವರೆಗೂ ನೀಲಿ-ಕಪ್ಪು ಸಾಲುಗಳು. ಸದ್ದೆಂದರೆ ಇನ್ವರ್ಟರ್ ಕೊಠಡಿಯ ಫ್ಯಾನುಗಳದ್ದು ಮಾತ್ರ. ಇಷ್ಟು ಬಿಸಿಲಿದೆಯಲ್ಲ, ಇವತ್ತು ಭರ್ಜರಿ ಉತ್ಪಾದನೆ ಇರಬೇಕು ಎಂದೆ. ಅವನು ತಲೆಯಾಡಿಸಿದ. "ಬಿಸಿಲು ಬೇಕು ಮಾರಾಯ, ಬಿಸಿ ಬೇಡ. ಪ್ಯಾನೆಲ್ ಕಾದಷ್ಟೂ ಕರೆಂಟು ಕಡಿಮೆ. ಇಪ್ಪತ್ತೈದು ಡಿಗ್ರಿ ಆದ್ಮೇಲೆ ಒಂದೊಂದು ಡಿಗ್ರಿಗೂ ಶೇಕಡ ಪಾಯಿಂಟ್ ಮೂರರಿಂದ ಪಾಯಿಂಟ್ ನಾಲ್ಕು ಹೋಗುತ್ತೆ. ಇದರ ಗಾಜು ಮುಟ್ಟಿ ನೋಡು." ಮುಟ್ಟಿದ ಕೈ ತಕ್ಷಣ ಹಿಂದೆ ಬಂತು. ಬೆರಳಿಗೆ ಧೂಳೂ ಹತ್ತಿತ್ತು. ತೊಳೆಯಲು ನೀರು, ನೀರು ತರಲು ಖರ್ಚು, ತೊಳೆಯದಿದ್ದರೆ ನಷ್ಟ. ಈ ಮೂರನ್ನು ತೂಗಿಸುವುದು ಅವನ ದಿನದ ಕೆಲಸ. ಅದರ ಮೇಲೆ ಪ್ಯಾನೆಲ್ ಪ್ರತಿವರ್ಷ ಅರ್ಧ ಶೇಕಡದಷ್ಟು ತಾನಾಗಿ ಸೊರಗುತ್ತದೆ.

ಆಮೇಲೆ ಅವನು ಪರದೆಯ ಮುಂದೆ ಕೂರಿಸಿ ಆ ವಾರದ ಉತ್ಪಾದನೆಯ ಗೆರೆ ತೋರಿಸಿದ. ಬೆಳಿಗ್ಗೆ ಏರಿ ಸಂಜೆ ಇಳಿಯುವ ಗುಡ್ಡದಂಥ ಆಕಾರ. ಒಂದು ದಿನದ ಗುಡ್ಡಕ್ಕೆ ಮಾತ್ರ ತುದಿಯಿರಲಿಲ್ಲ, ಯಾರೋ ಚಾಕುವಿನಿಂದ ಅಡ್ಡಕ್ಕೆ ಕೊಯ್ದಂತಿತ್ತು. ಇನ್ವರ್ಟರ್ ಕೆಟ್ಟಿತ್ತೇ ಎಂದು ಕೇಳಿದೆ. "ಏನೂ ಕೆಟ್ಟಿರ್ಲಿಲ್ಲ. ಮಧ್ಯಾಹ್ನ ಎಲ್ಲರದ್ದೂ ಒಟ್ಟಿಗೆ ಬರುತ್ತೆ. ಗ್ರಿಡ್‌ನವರು ಇಳಿಸಿ ಅಂದ್ರು, ಇಳಿಸಿದ್ವಿ. ಬಿಸಿಲು ಇತ್ತು, ಪ್ಯಾನೆಲ್ ಇತ್ತು, ಕೊಳ್ಳೋರು ಇರ್ಲಿಲ್ಲ ಅಷ್ಟೆ." ಕಂಪನಿಗೆ ಅದರ ಹಣ ಬರುತ್ತದೆಯೇ ಎಂದರೆ, ಒಪ್ಪಂದದಲ್ಲಿ ಏನು ಬರೆದಿದೆಯೋ ಹಾಗೆ ಎಂದ.

ಆ ಕೊಯ್ದ ಗುಡ್ಡದ ಹಿಂದೆ ಇರುವುದು ಇಡೀ ಜಗತ್ತಿನ ಸೌರವಿದ್ಯುತ್ತಿನ ಹೊಸ ಸಂಕಟ. ಸೋಲಾರ್ ಹೆಚ್ಚಿದಷ್ಟೂ ಸೋಲಾರ್ ಉತ್ಪಾದಿಸುವ ಹೊತ್ತಿನ ವಿದ್ಯುತ್ತಿಗೇ ಬೆಲೆ ಕಡಿಮೆ. ಜರ್ಮನಿಯ ಸಗಟು ವಿದ್ಯುತ್ ಪೇಟೆಯಲ್ಲಿ 2024ರಲ್ಲಿ 400ಕ್ಕೂ ಹೆಚ್ಚು ಗಂಟೆ ಬೆಲೆ ಸೊನ್ನೆಗಿಂತ ಕೆಳಗಿತ್ತು. ಅಂದರೆ ಆ ಹೊತ್ತಿನಲ್ಲಿ ಮಾರುವವನೇ ಹಣ ಕೊಡಬೇಕಾದ ಸ್ಥಿತಿ. ಕ್ಯಾಲಿಫೋರ್ನಿಯಾದಲ್ಲಿ 2023ರ ಏಪ್ರಿಲ್‌ನಿಂದ, ಹೊಸದಾಗಿ ಚಾವಣಿಗೆ ಪ್ಯಾನೆಲ್ ಹಾಕಿಸಿಕೊಳ್ಳುವವರು ಗ್ರಿಡ್‌ಗೆ ಕೊಡುವ ವಿದ್ಯುತ್ತಿನ ದರವನ್ನು ಭಾರೀ ಪ್ರಮಾಣದಲ್ಲಿ ಇಳಿಸಿದರು. ಹಾಗಾಗಿ ಕಂಪನಿಯೊಂದು ತನ್ನ ಬಳಿ ಇಷ್ಟು ಮೆಗಾವ್ಯಾಟ್ ಇದೆ ಎಂದಾಗ ನಾನು ಕೇಳಿಕೊಳ್ಳುವುದು ಬೇರೆ ಪ್ರಶ್ನೆಗಳನ್ನು. ಅಷ್ಟು ಮೆಗಾವ್ಯಾಟ್ ವರ್ಷಕ್ಕೆ ಎಷ್ಟು ಯೂನಿಟ್ ಕೊಟ್ಟಿತು? ಎಷ್ಟು ಯೂನಿಟ್ ನಿಗದಿತ ದರದ ದೀರ್ಘ ಒಪ್ಪಂದದಲ್ಲಿದೆ, ಎಷ್ಟು ಪೇಟೆಯ ಬೆಲೆಗೆ ಬಿಟ್ಟದ್ದು? ಗ್ರಿಡ್ ಬೇಡವೆಂದಾಗ ನಷ್ಟ ಯಾರದು? ಕೊಳ್ಳುವವನು ಹಣ ಕೊಡಲು ಎಷ್ಟು ತಿಂಗಳು ತೆಗೆದುಕೊಳ್ಳುತ್ತಾನೆ? ಮೆಗಾವ್ಯಾಟ್ ಎನ್ನುವುದು ಸಾಮರ್ಥ್ಯದ ಸಂಖ್ಯೆ. ಷೇರುದಾರನಿಗೆ ಬರುವ ಹಣ ಈ ಉತ್ತರಗಳಲ್ಲಿದೆ.

ಬಡ್ಡಿ

ಸೌರಸ್ಥಾವರಕ್ಕೆ ಇಂಧನದ ಖರ್ಚಿಲ್ಲ ಎಂದು ಎಲ್ಲರೂ ಹೇಳುತ್ತಾರೆ. ಅದರ ಇನ್ನೊಂದು ಮಗ್ಗುಲು ಏನೆಂದರೆ ಇಪ್ಪತ್ತೈದು ವರ್ಷದ ಖರ್ಚಿನಲ್ಲಿ ಬಹುಪಾಲನ್ನು ಮೊದಲ ದಿನವೇ ಸುರಿಯಬೇಕು, ಸುರಿಯುವುದು ಹೆಚ್ಚಾಗಿ ಸಾಲದ ಹಣ. ನೂರು ಸಾಲ ತಂದು ಇಪ್ಪತ್ತು ವರ್ಷದಲ್ಲಿ ಸಮಕಂತಿನಲ್ಲಿ ತೀರಿಸುವುದಾದರೆ, ಶೇ 4ರ ಬಡ್ಡಿಗೆ ವರ್ಷಕ್ಕೆ ಸುಮಾರು 7.4 ಕಟ್ಟಬೇಕು. ಬಡ್ಡಿ ಶೇ 8 ಆದರೆ ಸುಮಾರು 10.2. ಅದೇ ಬಿಸಿಲು, ಅದೇ ಪ್ಯಾನೆಲ್, ಅದೇ ಕರೆಂಟು. ಕಂತು ಮಾತ್ರ ಮೂರನೇ ಒಂದು ಪಾಲಿಗಿಂತ ಹೆಚ್ಚು ಏರಿತು. 2022, 2023ರಲ್ಲಿ ಬಡ್ಡಿದರಗಳು ಏರಿದಾಗ ಪೇಟೆ ಸೋಲಾರ್ ಷೇರುಗಳನ್ನು ಅಷ್ಟು ಕಟುವಾಗಿ ಶಿಕ್ಷಿಸಿದ್ದರಲ್ಲಿ ನನಗೆ ಆಶ್ಚರ್ಯ ಕಾಣುವುದಿಲ್ಲ. ಸ್ವಾನ್ಸನ್ ಕಟ್ಟಿದ ಅದೇ ಸನ್‌ಪವರ್ 2024ರ ಆಗಸ್ಟ್‌ನಲ್ಲಿ ದಿವಾಳಿ ರಕ್ಷಣೆ ಕೋರಿತು. ಮನೆಮನೆಗೆ ಸೋಲಾರ್ ಹಾಕಿ ತಿಂಗಳ ಬಾಡಿಗೆಯಂತೆ ಹಣ ಪಡೆಯುತ್ತಿದ್ದ ಸನ್ನೋವಾ 2025ರ ಜೂನ್‌ನಲ್ಲಿ.

ಇನ್ನೂ ದೊಡ್ಡ ಪಾಠ ಸನ್‌ಎಡಿಸನ್‌ನದು. ಸನ್‌ಟೆಕ್‌ಗೆ ವೇಫರ್ ಮಾರುತ್ತಿದ್ದ ಎಂಇಎಂಸಿ ಎಂದೆನಲ್ಲ, ಅದು 2009ರಲ್ಲಿ ಸನ್‌ಎಡಿಸನ್ ಎಂಬ ಸ್ಥಾವರ ಕಟ್ಟುವ ಕಂಪನಿಯನ್ನು ಕೊಂಡು, 2013ರಲ್ಲಿ ಅದರ ಹೆಸರನ್ನೇ ತಾನಿಟ್ಟುಕೊಂಡಿತು. ತಯಾರಿಕೆಯಲ್ಲಿ ಲಾಭ ಇಲ್ಲ, ಕಟ್ಟುವುದರಲ್ಲಿದೆ ಎಂಬ ಲೆಕ್ಕ. ಕಟ್ಟಿದ ಸ್ಥಾವರಗಳನ್ನು ಕೊಳ್ಳಲು ಟೆರ್ರಾಫಾರ್ಮ್ ಹೆಸರಿನ ಎರಡು ಕಂಪನಿಗಳನ್ನು ತಾನೇ ಹುಟ್ಟಿಸಿ ಷೇರುಪೇಟೆಗೆ ತಂದಿತು. ಅಲ್ಲಿ ಷೇರುದಾರರು ಲಾಭಾಂಶದ ಆಸೆಗೆ ಹಣ ಹಾಕುತ್ತಾರೆ, ಆ ಹಣದಲ್ಲಿ ಅವು ಸ್ಥಾವರ ಕೊಳ್ಳುತ್ತವೆ, ಬಂದ ಹಣದಲ್ಲಿ ತಾಯಿ ಕಂಪನಿ ಇನ್ನಷ್ಟು ಕಟ್ಟುತ್ತದೆ. ಷೇರಿನ ಬೆಲೆ ಏರುತ್ತಿರುವವರೆಗೆ ಚಕ್ರ ತಿರುಗುತ್ತದೆ. 2015ರ ಬೇಸಿಗೆಯಲ್ಲಿ 30 ಡಾಲರ್ ದಾಟಿದ್ದ ಸನ್‌ಎಡಿಸನ್ ಷೇರು, ಆ ಚಕ್ರ ನಿಂತ ಒಂದು ವರ್ಷದೊಳಗೆ, 2016ರ ಏಪ್ರಿಲ್‌ನಲ್ಲಿ, ದಿವಾಳಿ ನ್ಯಾಯಾಲಯಕ್ಕೆ ಹೋಗಿ ಮುಟ್ಟಿತು. ಅರ್ಜಿಯಲ್ಲಿ ತೋರಿಸಿದ್ದ ಹೊಣೆ 16 ಬಿಲಿಯನ್ ಡಾಲರ್. ಅದು ಕಟ್ಟಿದ ಸ್ಥಾವರಗಳು ಹಾಳಾಗಲಿಲ್ಲ. ಬೇರೆ ಒಡೆಯರ ಕೈಯಲ್ಲಿ ಅವೇ ಪ್ಯಾನೆಲ್‌ಗಳು ಮಾರನೇ ಬೆಳಿಗ್ಗೆಯೂ ಕರೆಂಟು ಕೊಟ್ಟವು.

ನನ್ನ ಮನಸ್ಸು ಇಲ್ಲಿ ಸ್ವಲ್ಪ ನಿಲ್ಲುತ್ತದೆ. ಕ್ಯೂ-ಸೆಲ್ಸ್‌ನ ಕಾರ್ಖಾನೆಯನ್ನು ಕೊರಿಯಾದ ಹನ್ವಾ ಕೊಂಡಿತು. ಆ ಹೆಸರು ಇವತ್ತೂ ಪ್ಯಾನೆಲ್‌ಗಳ ಮೇಲಿದೆ. ಸೋತ ಷೇರುದಾರರ ಹಣದಲ್ಲಿ ಎದ್ದ ಕಾರ್ಖಾನೆ, ಕಲಿತ ಎಂಜಿನಿಯರುಗಳು, ಕಟ್ಟಿದ ಸ್ಥಾವರ ಎಲ್ಲವೂ ಉಳಿದವು. ಮುಂದಿನವರು ಅವನ್ನು ಅಗ್ಗಕ್ಕೆ ಕೊಂಡರು, ಅದರಿಂದ ಕರೆಂಟು ಇನ್ನಷ್ಟು ಅಗ್ಗವಾಯಿತು. ಇವತ್ತು ಜಗತ್ತಿನ ಎಷ್ಟೋ ಕಡೆ ಹಗಲು ಹೊತ್ತಿನಲ್ಲಿ ಕಲ್ಲಿದ್ದಲಿಗಿಂತ ಕಡಿಮೆ ಬೆಲೆಗೆ ವಿದ್ಯುತ್ ಸಿಗುತ್ತಿದ್ದರೆ ಅದರಲ್ಲಿ ಹೆಸರಿಲ್ಲದ ಸಾವಿರಾರು ಸಣ್ಣ ಹೂಡಿಕೆದಾರರ ಉಳಿತಾಯವೂ ಕರಗಿದೆ. ಅದನ್ನು ವ್ಯರ್ಥ ಎನ್ನಲು ನನಗೆ ಬಾಯಿ ಬರುವುದಿಲ್ಲ. ಆದರೆ ನಿವೃತ್ತಿಗೆಂದು ಕೂಡಿಟ್ಟ ಹಣವನ್ನು ಯಾರೂ ತಿಳಿಯದೆ ಹೀಗೆ ದಾನ ಮಾಡಬಾರದು.

ಬೆಳವಣಿಗೆಯ ಒಳಗಿನ ಲೆಕ್ಕ

ಹೂಡಿಕೆದಾರರಿಗಾಗಿ ಕಂಪನಿಗಳು ಮೂರು ತಿಂಗಳಿಗೊಮ್ಮೆ ನಡೆಸುವ ಫೋನ್ ಸಭೆಗಳನ್ನು ಕೇಳುವುದು ನನಗೆ ಇಷ್ಟ. ಹೀಗೆ ಕೇಳಿದ ಒಂದು ಸಭೆ ಚೆನ್ನಾಗಿ ನೆನಪಿದೆ. ಬೇಗ ಬೆಳೆಯುತ್ತಿದ್ದ ಸೋಲಾರ್ ಕಂಪನಿ. ಮುಖ್ಯಸ್ಥರು ಉತ್ಸಾಹದಿಂದ ಮಾತಾಡುತ್ತಿದ್ದರು: ವಹಿವಾಟು ಏರಿದೆ, ಆರ್ಡರ್ ಬುಕ್ ದಾಖಲೆ ಮುಟ್ಟಿದೆ, ಹೊಸ ಕಾರ್ಖಾನೆ ಬರಲಿದೆ. ವಿಶ್ಲೇಷಕರ ಪ್ರಶ್ನೆಗಳೂ ಅದರ ಸುತ್ತಲೇ ಸುತ್ತಿದವು. ಕೊನೆಯಲ್ಲಿ ಒಬ್ಬ ಮಹಿಳೆಗೆ ಸರದಿ ಬಂತು. ಅವರು ಕೇಳಿದ್ದು ಇಷ್ಟೇ: "ಸರ್, ಲಾಭ ಇಷ್ಟು ತೋರಿಸಿದ್ದೀರಿ. ವ್ಯವಹಾರದಿಂದ ಬಂದ ನಗದು ಮೈನಸ್‌ನಲ್ಲಿದೆ. ಗ್ರಾಹಕರಿಂದ ಬರಬೇಕಾದ ಬಾಕಿ ವಹಿವಾಟಿಗಿಂತ ಜೋರಾಗಿ ಬೆಳೆದಿದೆ. ಆ ಬಾಕಿಯಲ್ಲಿ ಆರು ತಿಂಗಳಿಗಿಂತ ಹಳೆಯದು ಎಷ್ಟು?" ಒಂದು ಕ್ಷಣ ಮೌನ. ಆಮೇಲೆ ವಿವರಗಳನ್ನು ಪ್ರತ್ಯೇಕವಾಗಿ ಕಳುಹಿಸುತ್ತೇವೆ ಎಂಬ ಉತ್ತರ ಬಂತು. ಆ ಮಹಿಳೆ ಯಾರೆಂದು ನನಗೆ ಗೊತ್ತಿಲ್ಲ, ಆದರೆ ಇವತ್ತಿಗೂ ಯಾವ ವರದಿ ತೆರೆದರೂ ಅವರ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ.

ಯಾಕೆಂದರೆ ಈ ಉದ್ಯಮದಲ್ಲಿ ಬೆಳವಣಿಗೆ ಎಂಬುದೇ ಹಣ ತಿನ್ನುವ ಸಂಗತಿ. ಸ್ಥಾವರ ಕಟ್ಟಿಕೊಡುವ ಗುತ್ತಿಗೆ ಕಂಪನಿ ಪ್ಯಾನೆಲ್‌ಗೆ, ಕಬ್ಬಿಣಕ್ಕೆ, ಕೇಬಲ್‌ಗೆ ಮೊದಲೇ ಹಣ ಕೊಡುತ್ತದೆ. ತನಗೆ ಹಣ ಬರುವುದು ಕೆಲಸದ ಹಂತ ಹಂತದಲ್ಲಿ, ಕೊನೆಯ ಕಂತು ಎಲ್ಲ ಪರೀಕ್ಷೆ ಮುಗಿದ ಮೇಲೆ. ಆರ್ಡರ್ ಎರಡು ಪಟ್ಟಾದರೆ ಸಿಕ್ಕಿಕೊಳ್ಳುವ ಹಣವೂ ಎರಡು ಪಟ್ಟು. ಜೊತೆಗೆ ಆರ್ಡರ್‌ನ ದರ ಮೊದಲೇ ನಿಗದಿಯಾಗಿರುತ್ತದೆ. ನಡುವೆ ಪ್ಯಾನೆಲ್ ಬೆಲೆ ಏರಿದರೆ ಲಾಭ ಹೋಯಿತು. ಈ ಹಣದ ಕೊರತೆ ತುಂಬಲು ಎರಡೇ ದಾರಿ, ಸಾಲ ಅಥವಾ ಹೊಸ ಷೇರು. ಹೊಸ ಷೇರು ಎಂದಾಗ ಜನ ಗಮನಿಸುವುದು ಕಡಿಮೆ. ಒಂದು ಕಂಪನಿಯ ಲಾಭ ಐದು ವರ್ಷದಲ್ಲಿ 100ರಿಂದ 200 ಆಯಿತೆನ್ನಿ. ಆ ಅವಧಿಯಲ್ಲಿ ಷೇರುಗಳ ಸಂಖ್ಯೆ 10ರಿಂದ 18 ಆಗಿದ್ದರೆ, ಒಂದು ಷೇರಿಗೆ ಬರುವ ಲಾಭ 10ರಿಂದ ಏರಿದ್ದು ಬರೀ 11ಕ್ಕೆ. ಕಂಪನಿ ಎರಡು ಪಟ್ಟಾಯಿತು ಎಂಬುದೂ ನಿಜ, ನನ್ನ ಪಾಲು ಹೆಚ್ಚುಕಡಿಮೆ ಇದ್ದಲ್ಲೇ ಇದೆ ಎಂಬುದೂ ನಿಜ.

ಅಕ್ಕನ ಮಗಳು ಇತ್ತೀಚೆಗೆ ಕೇಳಿದಳು. ಕೆಲಸಕ್ಕೆ ಸೇರಿ ಉಳಿತಾಯ ಶುರುಮಾಡಿದ್ದಾಳೆ, ಸೌರಶಕ್ತಿಯ ಬಗ್ಗೆ ನನಗಿಂತ ಹೆಚ್ಚು ಕಳಕಳಿ ಅವಳಿಗೆ. "ಮಾಮ, ಲಾಭ ವರ್ಷಕ್ಕೆ ಶೇಕಡ ಇಪ್ಪತ್ತೈದು ಬೆಳೀತಿದೆ ಈ ಕಂಪನೀದು. ಸಾಲ ಜಾಸ್ತಿ ಇಲ್ಲ. ಬಾಕಿನೂ ಸರಿಯಾಗಿ ಬರ್ತಿದೆ, ನೋಡಿದೆ. ಇನ್ನೇನು ನೋಡ್ಬೇಕು?" ಷೇರಿನ ಬೆಲೆ ಲಾಭದ ಎಷ್ಟು ಪಟ್ಟು ಇದೆ ಎಂದು ಕೇಳಿದೆ. ಅರವತ್ತು ಎಂದಳು. ಕಾಗದ ತಗೋ ಎಂದೆ. ವರ್ಷಕ್ಕೆ ಶೇ 25ರಂತೆ ಏಳು ವರ್ಷ ಒಂದೂ ತಪ್ಪದೆ ಬೆಳೆದರೆ ಲಾಭ ಸುಮಾರು 4.8 ಪಟ್ಟಾಗುತ್ತದೆ. ಏಳು ವರ್ಷದ ಹೊತ್ತಿಗೆ ಕಂಪನಿ ದೊಡ್ಡದಾಗಿ, ಬೆಳವಣಿಗೆ ನಿಧಾನವಾಗಿ, ಪೇಟೆ ಅದಕ್ಕೆ ಲಾಭದ 15 ಪಟ್ಟು ಬೆಲೆ ಮಾತ್ರ ಕೊಡುತ್ತದೆ ಎಂದುಕೋ. ಷೇರಿನ ಬೆಲೆ ಈಗಿರುವುದಕ್ಕಿಂತ ಎಷ್ಟು ಹೆಚ್ಚಾಯಿತು? ಅವಳು ಗುಣಿಸಿ, ಭಾಗಿಸಿ, ಮತ್ತೊಮ್ಮೆ ಗುಣಿಸಿದಳು. "ಒಂದೂ ಕಾಲು ಪಟ್ಟೂ ಇಲ್ವಲ್ಲ ಮಾಮ! ಏಳು ವರ್ಷಕ್ಕೆ!" ವರ್ಷಕ್ಕೆ ಶೇ 2.5ರಷ್ಟು. ಕಂಪನಿ ಹೇಳಿದ್ದನ್ನೆಲ್ಲ ಮಾಡಿ ತೋರಿಸಿದಾಗ ಬರುವ ಫಲ ಇದು. 15 ಪಟ್ಟಿನ ಬದಲು 30 ಪಟ್ಟು ಸಿಕ್ಕರೆ ಲೆಕ್ಕ ಬೇರೆಯಾಗುತ್ತದೆ, ಅದನ್ನೂ ಹಾಕಿ ನೋಡಿದೆವು. ಆದರೆ ಆಗ ನಾವು ಪಣ ಕಟ್ಟುತ್ತಿರುವುದು ಸೂರ್ಯನ ಮೇಲಲ್ಲ, ಏಳು ವರ್ಷದ ನಂತರದ ಪೇಟೆಯ ಮನಸ್ಸಿನ ಮೇಲೆ.

ಪೇಟೆಯ ಮನಸ್ಸು ಎಷ್ಟು ತೂಗಬಲ್ಲದು ಎಂಬುದಕ್ಕೆ ಎನ್‌ಫೇಸ್ ಇದೆ. ಒಂದೊಂದು ಪ್ಯಾನೆಲ್‌ಗೂ ಒಂದೊಂದು ಪುಟ್ಟ ಇನ್ವರ್ಟರ್ ಮಾಡುವ ಕಂಪನಿ. 2017ರಲ್ಲಿ ಅದರ ಷೇರು ಒಂದು ಡಾಲರಿಗಿಂತ ಕೆಳಗೆ ಸಿಗುತ್ತಿತ್ತು. ಉಳಿಯುವುದೇ ಅನುಮಾನ ಎಂಬ ಸ್ಥಿತಿ. 2022ರ ಕೊನೆಗೆ 300 ಡಾಲರ್ ದಾಟಿತು. 2025ರಲ್ಲಿ 50 ಡಾಲರಿಗಿಂತ ಕೆಳಗಿತ್ತು. ಆ ಕಂಪನಿ ಒಳ್ಳೆಯ ವಸ್ತು ಮಾಡುತ್ತದೆ, ಎದುರಾಳಿಗಳು ಸುಲಭಕ್ಕೆ ನಕಲು ಮಾಡಲಾಗದ ವಸ್ತು. ಪ್ಯಾನೆಲ್ ಕಂಪನಿಗಳ ಬಗ್ಗೆ ಮೇಲೆ ಹೇಳಿದ ದೂರುಗಳು ಅದಕ್ಕೆ ಅಷ್ಟಾಗಿ ತಾಗುವುದೂ ಇಲ್ಲ. ಆದರೂ ಮೂರು ಬೇರೆ ಬೇರೆ ವರ್ಷಗಳಲ್ಲಿ ಅದೇ ಷೇರು ಕೊಂಡ ಮೂವರಿಗೆ ಮೂರು ಬೇರೆ ಬೇರೆ ಬದುಕು ಸಿಕ್ಕಿತು. ಯಾವ ಕಂಪನಿ ಎಂಬುದರಷ್ಟೇ ಯಾವ ಬೆಲೆಗೆ ಎಂಬುದೂ ಮುಖ್ಯ ಎಂದು ಹೂಡಿಕೆಯ ಬಗ್ಗೆ ಬರೆಯುವವರೆಲ್ಲ ಹೇಳುತ್ತಾರೆ. ಸೋಲಾರ್‌ನಲ್ಲಿ ಅದು ಇನ್ನೂ ಹೆಚ್ಚು ನಿಜ, ಏಕೆಂದರೆ ಇಲ್ಲಿ ಜನ ಷೇರಿನ ಜೊತೆಗೆ ಒಂದು ಒಳ್ಳೆಯ ನಂಬಿಕೆಯನ್ನೂ ಕೊಳ್ಳುತ್ತಾರೆ, ನಂಬಿಕೆಗೆ ಯಾರೂ ಚೌಕಾಸಿ ಮಾಡುವುದಿಲ್ಲ.

ನಾನು ಈಗ ಹಣ ಇಡುವ ರೀತಿ

ಇಷ್ಟೆಲ್ಲ ಆದ ಮೇಲೂ ಹಣ ಯಾಕೆ ಇಡುತ್ತೇನೆ ಎಂದರೆ, ಮುಂದಿನ ದಶಕಗಳಲ್ಲಿ ಜಗತ್ತು ಅತಿ ಹೆಚ್ಚು ಕಟ್ಟುವ ವಿದ್ಯುತ್ ಮೂಲ ಇದೇ ಎಂಬುದರಲ್ಲಿ ನನಗೆ ಅನುಮಾನ ಇಲ್ಲ, ಅದರಲ್ಲಿ ಪಾಲು ಬೇಕು ಎಂಬ ಆಸೆಯೂ ಇದೆ. ಆದರೆ ಅಷ್ಟೂ ಹೋದರೂ ಮನೆಯ ಯಾವ ಯೋಜನೆಯೂ ಅಲುಗದಷ್ಟು ಮಾತ್ರ. ಒಂದೇ ಕಂಪನಿಯಲ್ಲಿ ಇಡುವುದಿಲ್ಲ. ಕ್ಯೂ-ಸೆಲ್ಸ್ ಮೊದಲ ಸ್ಥಾನದಲ್ಲಿದ್ದಾಗ ಅದು ನಾಲ್ಕೇ ವರ್ಷದಲ್ಲಿ ಮುಳುಗುತ್ತದೆಂದು ಆರಿಸಿ ಹೇಳಬಲ್ಲ ಜಾಣ್ಮೆ ನನ್ನಲ್ಲಿದೆ ಎಂದು ನಾನು ನಂಬುವುದಿಲ್ಲ. ತಂತ್ರಜ್ಞಾನ ಒಮ್ಮೆಯಾದರೂ ಬದಲಾದಾಗ ಬದುಕಿ ಬಂದ ಕಂಪನಿ ನನಗೆ ಇಷ್ಟ, ಬೆಲೆ ಕುಸಿದ ಒಂದು ವರ್ಷವನ್ನಾದರೂ ಹೊಸ ಷೇರು ಮಾರದೆ ದಾಟಿದ್ದರೆ ಇನ್ನೂ ಇಷ್ಟ. ಹಾಗಾಗಿ ವರದಿಗಳನ್ನು ಓದುವಾಗ ಒಳ್ಳೆಯ ವರ್ಷದ್ದನ್ನು ಬದಿಗಿಟ್ಟು 2012ರದ್ದು, 2024ರದ್ದು ತೆಗೆಯುತ್ತೇನೆ. ಆ ವರ್ಷಗಳಲ್ಲಿ ಸಾಲದವರು ಬಾಗಿಲು ತಟ್ಟಿದರೇ, ಕಾರ್ಖಾನೆ ಅರ್ಧ ನಿಂತಿತೇ, ಆಡಳಿತದವರು ಷೇರುದಾರರಿಗೆ ಬರೆದ ಪತ್ರದಲ್ಲಿ ನಷ್ಟವನ್ನು ಮೊದಲ ಪುಟದಲ್ಲೇ ಹೇಳಿದರೇ, ಅಥವಾ ಗಿಗಾವ್ಯಾಟ್‌ಗಳ ಹಿಂದೆ ಬಚ್ಚಿಟ್ಟರೇ.

ಸರ್ಕಾರದ ನೆರವಿನ ಮೇಲೆ ಲಾಭ ಎಷ್ಟು ನಿಂತಿದೆ ಎಂಬುದನ್ನೂ ಬೇರೆಯಾಗಿ ಬರೆದುಕೊಳ್ಳುತ್ತೇನೆ. ಸಬ್ಸಿಡಿ ಕೆಟ್ಟದ್ದಲ್ಲ, ಜರ್ಮನಿ ಆ ದರ ಕೊಡದಿದ್ದರೆ ಈ ಉದ್ಯಮ ಇಷ್ಟು ಬೇಗ ಇಲ್ಲಿಗೆ ಬರುತ್ತಿರಲಿಲ್ಲ. ಆದರೆ ಸ್ಪೇನ್ ಒಂದೇ ವರ್ಷದಲ್ಲಿ ಮನಸ್ಸು ಬದಲಿಸಿದ್ದನ್ನು ನೆನೆದು, ಆಮದು ಸುಂಕ, ತೆರಿಗೆ ರಿಯಾಯಿತಿ, ಖಾತ್ರಿ ದರ ಮೂರನ್ನೂ ತೆಗೆದರೆ ಲಾಭದಲ್ಲಿ ಏನು ಉಳಿಯುತ್ತದೆ ಎಂದು ಒರಟಾಗಿಯಾದರೂ ಲೆಕ್ಕ ಹಾಕುತ್ತೇನೆ. ಏನೂ ಉಳಿಯದಿದ್ದರೆ ನಾನು ಕೊಳ್ಳುತ್ತಿರುವುದು ಒಂದು ಕಾನೂನಿನ ಆಯುಷ್ಯವನ್ನು.

ಸದ್ಯಕ್ಕೆ ನನ್ನ ಗಮನವೆಲ್ಲ ಬ್ಯಾಟರಿಯ ಕಡೆಗಿದೆ. ಗೆಳೆಯನ ಪರದೆಯ ಮೇಲೆ ಕೊಯ್ದು ಹೋಗಿದ್ದ ಆ ಮಧ್ಯಾಹ್ನದ ಕರೆಂಟನ್ನು ಸಂಜೆಗೆ ಎತ್ತಿಡುವ ಕೆಲಸ ಅದರದ್ದು, ಹೊಸ ಸ್ಥಾವರಗಳು ಹೆಚ್ಚು ಹೆಚ್ಚಾಗಿ ಬ್ಯಾಟರಿಯ ಜೊತೆಗೇ ಏಳುತ್ತಿವೆ. ಬ್ಯಾಟರಿಯ ಬೆಲೆಯೂ ವರ್ಷದಿಂದ ವರ್ಷಕ್ಕೆ ಬೀಳುತ್ತಿದೆ, ಕಾರ್ಖಾನೆಗಳು ಬೇಡಿಕೆಗಿಂತ ಮುಂದೆ ಓಡುತ್ತಿವೆ, ಹೂಡಿಕೆದಾರರ ಸಭೆಗಳಲ್ಲಿ ಗಿಗಾವ್ಯಾಟ್-ಗಂಟೆಗಳ ಆರ್ಡರ್ ಬುಕ್ ಓದಿ ಹೇಳುತ್ತಿದ್ದಾರೆ. ಅಕ್ಕನ ಮಗಳು ಅಂಥ ಎರಡು ಕಂಪನಿಗಳ ವರದಿ ಕಳಿಸಿದ್ದಾಳೆ. ಒಂದರಲ್ಲಿ ಆರು ತಿಂಗಳು ಮೀರಿದ ಬಾಕಿಯ ಪಟ್ಟಿ ಸ್ಪಷ್ಟವಾಗಿದೆ, ಇನ್ನೊಂದರಲ್ಲಿ ಹುಡುಕುತ್ತಿದ್ದೇವೆ.